ಹಳ್ಳ ಅಳೆದ ಮೇಲೆ ಮೊತ್ತ ಬರೆಯಿರಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರಗಳು. ಕಳೆದ ತಿಂಗಳು ಪೇಟೆಯ ಬಸ್ ನಿಲ್ದಾಣದ ಎದುರು ನಿಮ್ಮ ಅಭಿಮಾನಿಗಳು ಕಟ್ಟಿದ ಫ್ಲೆಕ್ಸ್ ನೋಡಿದೆ. ಕ್ಷೇತ್ರಕ್ಕೆ ಅನುದಾನದ ಹೊಳೆಯನ್ನೇ ಹರಿಸಿದವರು ನೀವು ಎಂದು ಅದರಲ್ಲಿ ಬರೆದಿತ್ತು. ಹೊಳೆ ಎಂಬ ಮಾತು ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮ ತೋಟದ ಕೆಳಗಿನ ಹಳ್ಳ. ಅದರ ವಿಷಯಕ್ಕೇ ಈ ಪತ್ರ.

ನಾನು ಮೂವತ್ತೊಂದು ವರ್ಷ ಸರ್ಕಾರದ ಎಂಜಿನಿಯರಿಂಗ್ ವಿಭಾಗವೊಂದರಲ್ಲಿ ದುಡಿದು ಕಿರಿಯ ಎಂಜಿನಿಯರ್ ಆಗಿಯೇ ನಿವೃತ್ತನಾದವನು. ಬಡ್ತಿ ಯಾಕೆ ಸಿಗಲಿಲ್ಲ ಎಂಬುದು ಬೇರೆ ಕಥೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಶಾಸಕರ ಶಿಫಾರಸು ಪತ್ರ ಬಂದ ದಿನದಿಂದ ಗುತ್ತಿಗೆದಾರನ ಕೊನೆಯ ಬಿಲ್ ಪಾಸಾಗುವ ದಿನದವರೆಗೆ ಒಂದು ಕಾಮಗಾರಿ ಎಲ್ಲೆಲ್ಲಿ ನಿಲ್ಲುತ್ತದೆ, ಎಲ್ಲೆಲ್ಲಿ ಸೊರಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ಇದನ್ನು ವಿರೋಧ ಪಕ್ಷದವರ ಟೀಕೆ ಎಂದು ಬದಿಗಿಡಬೇಡಿ. ಕಳೆದ ಚುನಾವಣೆಯಲ್ಲಿ ನಿಮಗೇ ಮತ ಹಾಕಿದ್ದೇನೆ.

ನೀವು ಕೆಲಸ ಮಾಡುತ್ತಿಲ್ಲ ಎಂದು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸೋರುವ ಮಾಡಿಗೆ ನೀವು ಬಂದ ಮೇಲೆಯೇ ಹೊಸ ಹೆಂಚು ಬಿತ್ತು. ಹೆಣ್ಣುಮಕ್ಕಳ ಹಾಸ್ಟೆಲ್ಲಿಗಾಗಿ ನೀವು ಬೆಂಗಳೂರಿಗೆ ಎಷ್ಟು ಸಲ ಅಲೆದಿರಿ ಎಂಬುದೂ ಗೊತ್ತಿದೆ. ವಿಧಾನಸೌಧದಲ್ಲಿ ಕಾರ್ಯದರ್ಶಿಯ ಕೊಠಡಿಯ ಮುಂದೆ ಕಡತ ಹಿಡಿದು ಕೂರುವುದು ಶಾಸಕರಿಗೂ ತಪ್ಪಿದ್ದಲ್ಲ. ಅದರ ಮೇಲೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲು ಮೋರಿ ಕುಸಿದರೆ ತಾಲ್ಲೂಕು ಪಂಚಾಯಿತಿ ಸದಸ್ಯರನ್ನು ಹಿಡಿಯುತ್ತಿದ್ದೆವು, ರಸ್ತೆ ಕಿತ್ತರೆ ಜಿಲ್ಲಾ ಪಂಚಾಯಿತಿ ಸದಸ್ಯರನ್ನು. ಈಗ ಬೀದಿದೀಪದ ಬಲ್ಬಿನಿಂದ ಹಿಡಿದು ಘಟ್ಟದ ರಸ್ತೆಯವರೆಗೆ ಎಲ್ಲ ಅರ್ಜಿಗಳೂ ನಿಮ್ಮ ಮನೆಯ ಜಗಲಿಗೇ ಬಂದು ಬೀಳುತ್ತವೆ.

ಅಷ್ಟು ಅರ್ಜಿಗಳಿಗೆ ನಿಮ್ಮ ಕೈಯಲ್ಲಿರುವುದು ಎಷ್ಟು? ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ವಿಧಾನಸಭೆಯ 224 ಮತ್ತು ಪರಿಷತ್ತಿನ 75 ಸದಸ್ಯರಿಗೆ ಸೇರಿ ಲೆಕ್ಕ ಹಾಕಿದರೆ 598 ಕೋಟಿ. ರಾಜ್ಯದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ. ಅಂದರೆ ಸರ್ಕಾರದ ನೂರು ರೂಪಾಯಿಯಲ್ಲಿ ನಿಮ್ಮೆಲ್ಲರ ಇಚ್ಛೆಗೆ ಬಿಟ್ಟಿರುವುದು ಸುಮಾರು ಹದಿನೈದು ಪೈಸೆ. ಅದನ್ನೂ ನೀವು ಮಂಜೂರು ಮಾಡುವಂತಿಲ್ಲ. ನಿಮ್ಮದು ಶಿಫಾರಸು ಮಾತ್ರ, ಮಂಜೂರಾತಿ ಜಿಲ್ಲಾಧಿಕಾರಿಯದು. ಫ್ಲೆಕ್ಸ್ ಕಟ್ಟಿದ ಹುಡುಗರಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ.

ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ಸಂಸದರ ಮತ್ತು ಶಾಸಕರ ಇಂಥ ನಿಧಿಗಳನ್ನೇ ರದ್ದು ಮಾಡಬೇಕು ಎಂದು 2007ರಲ್ಲಿ ವರದಿ ಕೊಟ್ಟಿತ್ತು. ಕಾನೂನು ಮಾಡುವವರು ಕಾಮಗಾರಿಯ ಉಸಾಬರಿಗೆ ಹೋಗಬಾರದು ಎಂಬ ವಾದ. ನೌಕರಿಯಲ್ಲಿದ್ದಾಗ ನನಗೂ ಅದು ಸರಿ ಎನಿಸಿತ್ತು. ಊರಿಗೆ ಬಂದು ಕುಳಿತ ಮೇಲೆ ಮನಸ್ಸು ಬದಲಾಗಿದೆ. ಹನ್ನೊಂದು ಮನೆಗಳ ನಮ್ಮ ಕೇರಿಯ ಹೆಸರು ಯಾವ ದೊಡ್ಡ ಯೋಜನೆಯ ಪಟ್ಟಿಗೂ ಏರುವುದಿಲ್ಲ. ಏರಿದರೆ ನಿಮ್ಮ ಲೆಟರ್‌ಹೆಡ್ಡಿನ ಮೇಲೆ ಮಾತ್ರ. ಆ ಹಾಳೆಯ ಬೆಲೆ ಗೊತ್ತಿರುವುದರಿಂದಲೇ ಅದರಲ್ಲಿ ನಡೆಯುವ ಒಂದು ತಪ್ಪನ್ನು ಹೇಳಬೇಕಾಗಿದೆ.

ಹಾಳೆಯಲ್ಲಿ ಮೊದಲು ಬರುವುದು ಮೊತ್ತ, ಕೆಲಸದ ಅಳತೆ ಆಮೇಲೆ. ಇಂಥ ಊರಿನ ಕಾಲುಸಂಕಕ್ಕೆ (ಹಳ್ಳವನ್ನು ನಡೆದು ದಾಟುವ ಕಿರುಸೇತುವೆಗೆ) 10 ಲಕ್ಷ, ಇಂಥ ಕೇರಿಯ ರಸ್ತೆಗೆ 5 ಲಕ್ಷ, ಇಂಥ ಸಮುದಾಯ ಭವನಕ್ಕೆ 15 ಲಕ್ಷ ಎಂದು ಪಟ್ಟಿ ಬರುತ್ತದೆ. ಹಳ್ಳ ಎಷ್ಟು ಅಗಲ, ಬಂಡೆ ಎಷ್ಟು ಆಳದಲ್ಲಿದೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಆ ಹೊತ್ತಿಗೆ ಯಾರೂ ನೋಡಿರುವುದಿಲ್ಲ. ಪಟ್ಟಿ ಮೇಜಿಗೆ ಬಂದ ಮೇಲೆ ನಮ್ಮಂಥವರು ಕುಳಿತು ಎಸ್ಟಿಮೇಟ್ ಬರೆಯುತ್ತಿದ್ದೆವು. ಒಟ್ಟು ಮೊತ್ತ ಮೊದಲೇ ಗೊತ್ತಿರುವುದರಿಂದ ಕೆಳಗಿನಿಂದ ಮೇಲಕ್ಕೆ ಬರೆಯುವುದು. ಲೆಕ್ಕ 12 ಲಕ್ಷಕ್ಕೆ ಹೋದರೆ ಕಂಬಿ ಕಡಿಮೆ ಮಾಡುವ ಹಾಗಿಲ್ಲ, ಸಿಮೆಂಟ್ ಕಡಿಮೆ ಮಾಡುವ ಹಾಗಿಲ್ಲ. ಆದ್ದರಿಂದ ಉದ್ದ ಕಡಿಮೆ ಮಾಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮನೆ ನಡೆಸುವವರಿಗೆ ಸರಿ, ಹಳ್ಳಕ್ಕೆ ಅದು ಗೊತ್ತಿಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ಒಂದೂರಿನ ರಸ್ತೆಗೆ 900 ಮಿಲಿಮೀಟರ್ ವ್ಯಾಸದ ಪೈಪು ಬೇಕಿದ್ದ ಮೋರಿಗೆ, ಮಂಜೂರಾದ ಹಣದಲ್ಲಿ ಅದು ಹಿಡಿಯುವುದಿಲ್ಲ ಎಂದು 600ರ ಪೈಪು ಬರೆದು ಸಹಿ ಹಾಕಿದೆ. ಮೊದಲ ಮಳೆಗಾಲ ದಾಟಿತು. ಎರಡನೆಯದರಲ್ಲಿ ಪೈಪಿನ ಬಾಯಿಗೆ ಕಸ ಕಟ್ಟಿ ನೀರು ರಸ್ತೆಯ ಮೇಲೆ ಹರಿಯಿತು, ಮಣ್ಣನ್ನೆಲ್ಲ ಹೊತ್ತುಕೊಂಡು ಹೋಯಿತು. ಅಳತೆ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು. ತಪಾಸಣೆಗೆ ಬಂದವರು ಪುಸ್ತಕ ನೋಡಿ ತಲೆಯಾಡಿಸಿದರು. ಆ ಊರಿನ ಒಬ್ಬ ಅಜ್ಜಿ ಮಾತ್ರ, ಇಷ್ಟು ದೊಡ್ಡ ಹಳ್ಳಕ್ಕೆ ಇಷ್ಟು ಸಣ್ಣ ಗಂಟಲು ಇಟ್ಟವರು ಯಾರು ಎಂದು ಕೇಳಿದರು. ಉತ್ತರ ಹೇಳದೆ ಜೀಪು ಹತ್ತಿದೆ.

ಈಗ ಅದೇ ತಪ್ಪು ನನ್ನ ತೋಟದ ಕೆಳಗೆ ಬಂದು ನಿಂತಿದೆ. ನಮ್ಮ ಕೇರಿಯ ಮಕ್ಕಳು ಶಾಲೆಗೆ ಹೋಗಲು ದಾಟಬೇಕಾದ ಹಳ್ಳಕ್ಕೆ ನಿಮಗಿಂತ ಹಿಂದಿನ ಶಾಸಕರ ಕಾಲದಲ್ಲಿ 10 ಲಕ್ಷದ ಕಾಲುಸಂಕ ಮಂಜೂರಾಯಿತು. ಮಳೆಗಾಲದ ನೀರಿನ ಗುರುತಿನಿಂದ ಗುರುತಿಗೆ ಆ ಹಳ್ಳ ಹನ್ನೊಂದೂವರೆ ಮೀಟರ್ ಅಗಲ. ಹಣಕ್ಕೆ ತಕ್ಕಂತೆ ಎಂಟು ಮೀಟರ್ ಅಂತರದಲ್ಲಿ ಎರಡು ಕಾಂಕ್ರೀಟ್ ದಿಂಡು ಎಬ್ಬಿಸಿದರು. ಮೊದಲ ಹಂತ ಇಷ್ಟು, ಮೇಲಿನ ಸ್ಲ್ಯಾಬ್ ಮುಂದಿನ ವರ್ಷದ ಪಟ್ಟಿಯಲ್ಲಿ ಎಂದರು. 2023ರ ಮಾರ್ಚ್ 29ಕ್ಕೆ ಚುನಾವಣಾ ನೀತಿಸಂಹಿತೆ ಬಂತು. ಮೇ ತಿಂಗಳಲ್ಲಿ ನೀವು ಗೆದ್ದಿರಿ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಇಷ್ಟೇ ಆಗಿದ್ದರೆ ಅರ್ಧ ಕೆಲಸ ಎಂದು ಸುಮ್ಮನಿರಬಹುದಿತ್ತು. ಹರಿಯುವ ನೀರಿಗೆ ಜಾಗ ಕಿರಿದು ಮಾಡಿದರೆ ಅದು ತನ್ನ ಜಾಗವನ್ನು ಪಕ್ಕದಲ್ಲಿ ಹುಡುಕಿಕೊಳ್ಳುತ್ತದೆ. ಎರಡು ಮಳೆಗಾಲಗಳಲ್ಲಿ ಹಳ್ಳ ದಿಂಡುಗಳ ಬೆನ್ನ ಹಿಂದಿನ ಮಣ್ಣನ್ನು ಕೊರೆದು ಎರಡೂ ದಡಗಳನ್ನು ದೂರ ಮಾಡಿತು. ಈಗ ಎರಡೂ ದಿಂಡುಗಳು ನೀರಿನ ನಡುವೆ ದ್ವೀಪಗಳಂತೆ ನಿಂತಿವೆ. ಮೊದಲು ನಾವು ದಡದಿಂದ ದಡಕ್ಕೆ ಅಡಿಕೆ ಮರ ಹಾಸಿ ಒಂದು ಸಂಕ ಕಟ್ಟಿಕೊಳ್ಳುತ್ತಿದ್ದೆವು. ಈಗ ದಡದಿಂದ ದಿಂಡಿಗೊಂದು, ದಿಂಡಿನಿಂದ ದಿಂಡಿಗೊಂದು, ಅಲ್ಲಿಂದ ಆಚೆ ದಡಕ್ಕೊಂದು, ಹೀಗೆ ಮೂರು ಸಂಕ ಕಟ್ಟುತ್ತೇವೆ. ಸರ್ಕಾರ 10 ಲಕ್ಷ ಖರ್ಚು ಮಾಡಿದ್ದರಿಂದ ನಮಗೆ ಎರಡು ಸಂಕದ ಕೆಲಸ ಹೆಚ್ಚಾಯಿತು.

ಅದನ್ನು ಕಟ್ಟುವ ಬಗೆಯನ್ನೂ ಹೇಳುತ್ತೇನೆ, ನೀವು ನೋಡಿರಲಿಕ್ಕಿಲ್ಲ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಮನೆಗೊಬ್ಬರಂತೆ ಸೇರುತ್ತೇವೆ. ಫಸಲು ಕೊಡುವುದನ್ನು ನಿಲ್ಲಿಸಿದ ಹಳೆಯ ಅಡಿಕೆ ಮರಗಳನ್ನು ಕಡಿದು, ನಾಲ್ಕು ನಾಲ್ಕು ಜೋಡಿಸಿ ತಂತಿಯಲ್ಲಿ ಬಿಗಿಯುತ್ತೇವೆ. ಪಕ್ಕಕ್ಕೆ ಕೈತಾಂಗಿಗೆ ಬಿದಿರು. ಜುಲೈ ಹೊತ್ತಿಗೆ ಮರದ ಮೇಲೆ ಪಾಚಿ ಕಟ್ಟುತ್ತದೆ, ಜಾರದಿರಲಿ ಎಂದು ಗೋಣಿಚೀಲ ಹಾಸಿ ಮೊಳೆ ಹೊಡೆಯುತ್ತೇವೆ. ಮಕ್ಕಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೊಡೆ ಮಡಚಿ, ನೆನೆಯುತ್ತಲೇ ದಾಟುತ್ತವೆ. ಗಾಳಿಯಲ್ಲಿ ಕೊಡೆ ಬಿಚ್ಚಿದರೆ ಆಯ ತಪ್ಪುತ್ತದೆ ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತು. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಬಿದ್ದು ತೀರಿಕೊಂಡಾಗ ನಮ್ಮ ಕೇರಿಯ ತಾಯಂದಿರು ಒಂದು ವಾರ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಆಮೇಲೆ ಕಳಿಸಿದರು. ಬೇರೆ ದಾರಿ ಎಲ್ಲಿದೆ?

ಮಲೆನಾಡಿಗೂ ಕರಾವಳಿಗೂ ಇಂಥ ಸಂಕಗಳಿಗಾಗಿಯೇ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆಯನ್ನು ಸರ್ಕಾರ ತಂದಿತು. ನಮ್ಮದು ಆ ಪಟ್ಟಿಗೆ ಸೇರಲಿಲ್ಲ, ಏಕೆಂದರೆ ಕಡತದ ಪ್ರಕಾರ ಇಲ್ಲಿ ಕಾಮಗಾರಿ ಈಗಾಗಲೇ ನಡೆದಿದೆ. ಅರ್ಧ ಕಟ್ಟಿದ್ದು ಒಂದೂ ಕಟ್ಟದ್ದಕ್ಕಿಂತ ಕೆಟ್ಟದ್ದು ಎಂದು ನಾನು ಹೇಳುವುದು ಇದಕ್ಕೇ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. 2 ಕೋಟಿಯನ್ನು ಐದೈದು ಲಕ್ಷ ಮಾಡಿದರೆ ನಲವತ್ತು ಊರಿಗೆ ಹೋಗಬಹುದು, ನಲವತ್ತು ಗುದ್ದಲಿ ಪೂಜೆ, ನಲವತ್ತು ಕಡೆ ಹಾರ. ಎಂಟು ಕಡೆ ಪೂರ್ತಿ ಕೆಲಸ ಮಾಡಿಸಿದರೆ ಮೂವತ್ತೆರಡು ಊರಿನವರು ಮುಖ ತಿರುಗಿಸುತ್ತಾರೆ. ಆದರೆ ಆ 5 ಲಕ್ಷದ ಒಳಗನ್ನೂ ನೋಡಿ. ಮೊತ್ತದಲ್ಲಿ ಜಿಎಸ್‌ಟಿ ಸೇರಿರುತ್ತದೆ. ಶೇಕಡಾ 18ರ ಲೆಕ್ಕದಲ್ಲಿ ಸುಮಾರು 76 ಸಾವಿರ ಅಲ್ಲಿಗೇ ಹೋಯಿತು. ಕಟ್ಟಡ ಕಾರ್ಮಿಕರ ಸೆಸ್ ಶೇಕಡಾ 1. ಗುತ್ತಿಗೆದಾರನ ಲಾಭ ಬೇರೆ. ಅವನು ಮಿಕ್ಸರ್, ಜಲ್ಲಿ, ಕೆಲಸಗಾರರನ್ನು ಘಟ್ಟದ ಈ ಮೂಲೆಗೆ ಸಾಗಿಸಬೇಕು. ಆ ಸಾಗಾಟ ಸಣ್ಣ ಕಾಮಗಾರಿಗೂ ದೊಡ್ಡದಕ್ಕೂ ಹೆಚ್ಚುಕಡಿಮೆ ಒಂದೇ. ಕೊನೆಗೆ ನೆಲಕ್ಕೆ ಬಿದ್ದ ಕಾಂಕ್ರೀಟ್ ನೋಡಿ ಊರಿನವರು ಎಲ್ಲರನ್ನೂ ಕಳ್ಳರೆನ್ನುತ್ತಾರೆ. ಎಲ್ಲ ಸಲವೂ ಅದು ಕಳ್ಳತನವಲ್ಲ. ಚೂರು ಮಾಡಿದ್ದರ ಫಲವೂ ಹೌದು.

ಹಣ ಕಡಿಮೆ ಇದ್ದಾಗ ಸೇತುವೆಯ ಉದ್ದ ಕಡಿಮೆ ಮಾಡಬೇಕಿಲ್ಲ, ಸೇತುವೆಯ ಬಗೆಯನ್ನೇ ಬದಲಿಸಬಹುದು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಕಾಲುನಡಿಗೆಗೆ ಅಷ್ಟು ಸಾಕು. ನಮ್ಮ ಹಳ್ಳಕ್ಕೆ ಅದೂ ಬೇಕಿಲ್ಲ, ಉಕ್ಕಿನ ತೊಲೆಯ ಮೇಲೆ ಹಾಸು ಹಾಕಿದರೂ ಆದೀತು. ಆದರೆ ಹನ್ನೊಂದೂವರೆ ಮೀಟರ್ ಇದ್ದದ್ದು ಈಗ ಕೊರೆದು ಎಷ್ಟಾಗಿದೆಯೋ ಅಷ್ಟನ್ನೂ ಅದು ದಾಟಬೇಕು. 2025ರ ಜುಲೈ 14ರಂದು ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತಲ್ಲ, ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ, 470 ಕೋಟಿಗೂ ಹೆಚ್ಚು ಖರ್ಚು. ಲಿಂಗನಮಕ್ಕಿಯ ನೀರು ಏರಿದ ಅರವತ್ತರ ದಶಕದಿಂದ ಆ ಜನ ಲಾಂಚ್ ನಂಬಿ ಕಾದರು. ಅದು ಕೇಂದ್ರದ ಹಣ, ಹೆದ್ದಾರಿಯ ಲೆಕ್ಕ, ನಮ್ಮ ಸಂಕಕ್ಕೆ ಹೋಲಿಕೆಯಲ್ಲ ಎನ್ನುತ್ತೀರಿ, ಒಪ್ಪುತ್ತೇನೆ. ಆದರೂ ಅಲ್ಲಿ ಯಾರೂ ಈ ವರ್ಷ ಒಂದೂವರೆ ಕಿಲೋಮೀಟರ್ ಕಟ್ಟಿ ಉಳಿದದ್ದನ್ನು ಮುಂದೆ ನೋಡೋಣ ಎನ್ನಲಿಲ್ಲ. ಹಿನ್ನೀರು ಎಷ್ಟು ಅಗಲವೋ ಸೇತುವೆ ಅಷ್ಟು ಉದ್ದ.

ನಾನು ಕೇಳುವುದು ಹೆಚ್ಚಿನ ಅನುದಾನವನ್ನಲ್ಲ. ಶಿಫಾರಸು ಪತ್ರದ ಮೊತ್ತದ ಜಾಗವನ್ನು ಖಾಲಿ ಬಿಡಿ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳತೆ ತಂದ ಮೇಲೆ ತುಂಬಿ. ಮಳೆಗಾಲ ಮುಗಿದು ನೀರಿನ ಗುರುತು ದಡದ ಮೇಲೆ ಹಸಿಯಾಗಿರುವಾಗಲೇ ಅಳೆಸಿದರೆ ಡಿಸೆಂಬರಿಗೆ ಕೆಲಸ ಹಿಡಿಯಬಹುದು. ಮಾರ್ಚಿನಲ್ಲಿ ಕಾರ್ಯಾದೇಶ ಕೊಟ್ಟರೆ ಮೇ ಮಳೆಗೆ ಸೆಂಟ್ರಿಂಗ್ ಹಲಗೆಗಳು ತೇಲಿ ಹೋಗುತ್ತವೆ, ಎಷ್ಟೋ ಸಲ ಕಂಡಿದ್ದೇನೆ. ಹೊಸದಾಗಿ ಏನನ್ನಾದರೂ ಶಿಫಾರಸು ಮಾಡುವ ಮೊದಲು ಕ್ಷೇತ್ರದಲ್ಲಿ ಮೊದಲ ಹಂತಕ್ಕೇ ನಿಂತ ಕಾಮಗಾರಿಗಳು ಎಷ್ಟಿವೆ ಎಂದು ಒಂದು ಪಟ್ಟಿ ತರಿಸಿ, ಆಯಾ ಗ್ರಾಮಸಭೆಯಲ್ಲಿ ಓದಿಸಿ. ಹಿಂದಿನವರು ಶುರು ಮಾಡಿದ್ದನ್ನು ನೀವು ಮುಗಿಸಿದರೆ ಹೆಸರು ಅವರಿಗೆ ಹೋಗುತ್ತದೆ ಎಂಬ ಅಳುಕು ಇದ್ದರೆ ಬಿಟ್ಟುಬಿಡಿ. ನಮ್ಮ ಹಳ್ಳದ ಬಳಿ ಅವರ ಹೆಸರಿನ ಕಲ್ಲು ಕಳೆದ ಮಳೆಗಾಲದಲ್ಲಿ ದಡದ ಮಣ್ಣಿನ ಜೊತೆಗೇ ನೀರಿಗೆ ಬಿದ್ದಿದೆ.

2025-26ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮಕ್ಕೆಂದು ಕ್ಷೇತ್ರಗಳಿಗೆ 8,000 ಕೋಟಿ ಘೋಷಣೆಯಾಗಿದೆ. ನಿಮ್ಮ ಪಾಲಿಗೆ ಅದರಲ್ಲಿ ಬರುವುದು 2 ಕೋಟಿಗಿಂತ ಬಹಳ ದೊಡ್ಡದು. ಅದರಲ್ಲಿಯೂ ಮೊತ್ತವನ್ನೇ ಮೊದಲು ಬರೆದರೆ ಇನ್ನೂ ದೊಡ್ಡ ದಿಂಡುಗಳು ಇನ್ನೂ ದೊಡ್ಡ ಹೊಳೆಗಳ ನಡುವೆ ನಿಲ್ಲುತ್ತವೆ.

ದೀಪಾವಳಿ ಮುಗಿದಿದೆ. ಹಳ್ಳದ ನೀರು ಮೊಣಕಾಲಿಗೆ ಇಳಿದಿದೆ, ಚಪ್ಪಲಿ ಬಿಟ್ಟು ಇಳಿಯಬಹುದು. ಒಂದು ಬೆಳಿಗ್ಗೆ ಬನ್ನಿ, ಹಾರ-ಡೋಲು ಏನೂ ಬೇಡ, ಮನೆಯಲ್ಲಿ ತಿಂಡಿ ಆಗುತ್ತದೆ. ನೌಕರಿಯ ಕಾಲದ ಮೂವತ್ತು ಮೀಟರಿನ ಟೇಪು ನನ್ನ ಬಳಿ ಇನ್ನೂ ಇದೆ. ಒಂದು ತುದಿಯನ್ನು ನಾನು ಈ ದಡದಲ್ಲಿ ಹಿಡಿಯುತ್ತೇನೆ, ಇನ್ನೊಂದನ್ನು ಹಿಡಿದು ನೀವು ಆಚೆ ದಡಕ್ಕೆ ದಾಟಬೇಕು.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಕ್ಷೇತ್ರದ ಮತದಾರ, ನಿವೃತ್ತ ಕಿರಿಯ ಎಂಜಿನಿಯರ್