ಅಪ್ಪ ಮಲಗಿದ್ದಾರೆ, ಸದ್ದು ಮಾಡಬೇಡ

ಚಿಕ್ಕಮಗಳೂರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನ್ ಮಾಡಿದಾಗ ನಿನ್ನ ಮಗಳು ಎತ್ತಿಕೊಂಡಳು. "ಅಪ್ಪ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾರೆ ಅಂಕಲ್" ಅಂತ ಪಿಸುಗುಟ್ಟಿದಳು. ನಾನೂ ಪಿಸುಮಾತಲ್ಲೇ "ಸರಿ ಪುಟ್ಟಾ" ಅಂದೆ. ಆಮೇಲೆ ನಗು ಬಂತು ಮಾರಾಯ. ಚಿಕ್ಕಮಗಳೂರಲ್ಲಿ ನಾನು ಜೋರಾಗಿ ಮಾತಾಡಿದರೆ ತೆಲಂಗಾಣದ ಕಲ್ಲಿದ್ದಲು ಗಣಿಯೂರು ಗೋದಾವರಿಖನಿಯಲ್ಲಿ ನಿನಗೆ ಎಚ್ಚರ ಆಗುತ್ತಿತ್ತಾ?

ಆದರೆ ನಾವು ಬೆಳೆದದ್ದೇ ಹಾಗೆ ಅಲ್ವಾ. ಕುದುರೆಮುಖದ ಕಬ್ಬಿಣದ ಗಣಿಯ ಕ್ವಾರ್ಟರ್ಸ್‌ನಲ್ಲಿ ಯಾವ ಹೊತ್ತಿಗೂ ಯಾರದೋ ಒಬ್ಬರ ಅಪ್ಪ ಮಲಗಿರುತ್ತಿದ್ದರು. ನಿಮ್ಮಪ್ಪನ ನೈಟ್ ಶಿಫ್ಟ್ ವಾರ ಮುಗಿದರೆ ನಮ್ಮಪ್ಪನದು. ಕ್ರಿಕೆಟ್ ಆಡುವಾಗ ಔಟ್ ಅಂತ ಕೂಗುವ ಹಾಗಿಲ್ಲ, ಸುಮ್ನೆ ಬೆರಳೆತ್ತಬೇಕು. ಆ ವಾರವೆಲ್ಲ ನಮ್ಮಮ್ಮ ಕುಕ್ಕರ್ ಇಡುತ್ತಿರಲಿಲ್ಲ, ಪಾತ್ರೆಯಲ್ಲೇ ಅನ್ನ ಬಸಿಯುತ್ತಿದ್ದಳು. ಮಳೆಗಾಲ ಬಂತೆಂದರೆ ಇನ್ನೊಂದು ಪಾಡು. ಅಪ್ಪನ ಯೂನಿಫಾರ್ಮ್ ಒಣಗುವುದೇ ಇಲ್ಲ. ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಪ್ಯಾಂಟು ಹರವಿ, ಹೊಗೆ ವಾಸನೆಯ ಬಟ್ಟೆಯನ್ನೇ ಹಾಕಿಕೊಂಡು ಹೋಗುತ್ತಿದ್ದರು. ನಮ್ಮ ಸ್ಕೂಲ್ ಬಟ್ಟೆಗೂ ಅದೇ ವಾಸನೆ.

ಹೋದ ತಿಂಗಳು ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಳಸ ದಾಟಿದ ಮೇಲೆ ಮಾತೇ ಇಲ್ಲ. ಬೀಗ ಹಾಕಿದ ಮನೆಗಳು, ಅಂಗಳದಲ್ಲಿ ಆಳೆತ್ತರ ಹುಲ್ಲು. ನಮ್ಮ ಸಾಲು ಯಾವುದು ಅಂತ ನನಗೆ ಗೊತ್ತಾಗಲಿಲ್ಲ, ಅಪ್ಪ ಕಾರಿನಿಂದ ಇಳಿಯದೆ ಕೈ ತೋರಿಸಿದರು. 2002ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿ ಅಂತ ಹೇಳಿತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡು ಉಳಿಯಬೇಕಿತ್ತು, ಭದ್ರೆ ಉಳಿಯಬೇಕಿತ್ತು, ನಿಲ್ಲಿಸಿದ್ದು ಸರಿ ಅಂತಲೇ ನಾನು ಅನ್ನುವುದು. ಅಪ್ಪನ ಎದುರು ಮಾತ್ರ ಈ ಮಾತು ಇವತ್ತಿಗೂ ಆಡಿಲ್ಲ. ಅವರಿಗೆ ಅದಿರು ಅಂದರೆ ಈಗಲೂ ಹೆಮ್ಮೆ. ಬಂಡೆಯನ್ನು ಹಿಟ್ಟಿನ ಹಾಗೆ ಅರೆದು, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದೆವು ಅಂತ ಮೊಮ್ಮಕ್ಕಳಿಗೆ ಹೇಳಿದ್ದನ್ನೇ ಹೇಳುತ್ತಾರೆ.

ವಾಪಸ್ ಬರುವಾಗ ನಿನ್ನ ಸುದ್ದಿ ತೆಗೆದರು. ನೆಲದ ಒಳಗೆ ಹೇಗೆ ಕೆಲಸ ಮಾಡ್ತಾನೆ ಅವನು ಅಂತ. ನೀನು ರಜೆಗೆ ಬಂದಾಗ ಹೇಳಿದ್ದೆಯಲ್ಲ, ಅದನ್ನೇ ಹೇಳಿದೆ. ಕೋಲಿನಿಂದ ಮೇಲಿನ ಬಂಡೆ ತಟ್ಟಿ ನೋಡ್ತಾರೆ, ಟಣ್ ಅಂದರೆ ಗಟ್ಟಿ, ಪೊಳ್ಳು ಸದ್ದು ಬಂದರೆ ಅಲ್ಲಿ ನಿಲ್ಲುವ ಹಾಗಿಲ್ಲ ಅಂತ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅವರ ಕಾಲದ ಭಯ ಬೇರೆ. ಮಂಜು ಮುಸುಕಿದರೆ ಡಂಪರ್‌ನ ಮುಂದಿನ ಚಕ್ರ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲವಂತೆ. ಆದರೂ ತಲೆ ಮೇಲೆ ಆಕಾಶ ಇತ್ತು. ಗ್ಯಾಸಿನ ಭಯಕ್ಕೆ ಕೆಳಗಿಳಿಯುವ ಮೊದಲು ಬೀಡಿ, ಬೆಂಕಿಪೊಟ್ಟಣ ಇದೆಯಾ ಅಂತ ಜೇಬು ತಡಕುತ್ತಾರೆ ಅಂದೆ. "ಹಾಗಾದ್ರೆ ಆ ಕೆಲಸ ನನ್ನ ಕೈಲಿ ಒಂದು ದಿನವೂ ಆಗ್ತಿರಲಿಲ್ಲ" ಅಂದುಬಿಟ್ಟರು! ಡಾಕ್ಟರು ಬಿಡಿಸಿದ್ದರೂ ಬೀಡಿ ಇನ್ನೂ ಕದ್ದು ಸೇದುತ್ತಾರೆ, ನಿನಗೆ ಗೊತ್ತಲ್ಲ.

ನಿಮ್ಮ ಸಿಂಗರೇಣಿ ಗಣಿಗಳ ಕಲ್ಲಿದ್ದಲು ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಬರುತ್ತದೆ ಅಂತ ಅಮ್ಮನಿಗೆ ಒಂದು ಸಲ ಹೇಳಿ ತಪ್ಪು ಮಾಡಿದೆ. ಈಗ ಕರೆಂಟು ಹೋದರೆ ಸಾಕು, "ಅವನಿಗೊಂದು ಫೋನ್ ಮಾಡೋ" ಅನ್ನುತ್ತಾಳೆ.

ಅವಳು ನಿನಗೆ ಅಂತ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಪಿನ್‌ಕೋಡ್ ಕಳಿಸು. ಈ ವಾರ ಯಾವ ಶಿಫ್ಟು ಅಂತಲೂ ಬರೆ, ನೋಡಿಕೊಂಡು ಫೋನ್ ಮಾಡುತ್ತೇನೆ.

ನಿನ್ನ,
ಪಕ್ಕದ ಕ್ವಾರ್ಟರ್ಸಿನವನು