ಹಳದಿ ಟೈಲ್ಸ್ ಕೂಡ ಒಂದು ಬೋರ್ಡೇ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಹೊರಗೆ, ಕೆಲವು ಹೊಸ ಫುಟ್‌ಪಾತ್‌ಗಳ ಮೇಲೆ, ಹಳದಿ ಬಣ್ಣದ ಉಬ್ಬು ಟೈಲ್ಸ್ ಸಾಲಾಗಿ ಹಾಕಿರುತ್ತಾರಲ್ಲ, ಅದರ ಮೇಲೆ ನಾನು ಎಷ್ಟೋ ಸಲ ಸ್ಕೂಟರ್ ನಿಲ್ಲಿಸಿದ್ದೇನೆ. ಎರಡೇ ನಿಮಿಷ, ತರಕಾರಿ ತಗೊಂಡು ಬಂದುಬಿಡ್ತೀನಿ ಅಂತ. ಮಳೆಯಲ್ಲಿ ಕಾಲು ಜಾರದೆ ಇರಲಿ ಎಂದು ಹಾಕಿದ್ದಾರೆ ಅಂದುಕೊಂಡಿದ್ದೆ. ನನ್ನ ಹೆಂಡತಿ ಅದು ಚಂದಕ್ಕೆ ಅಂದುಕೊಂಡಿದ್ದಳಂತೆ. ಪಕ್ಕದ ಮನೆಯ ಇಂಜಿನಿಯರ್ ಹುಡುಗನನ್ನು ಕೇಳಿದರೆ "ಕೆಳಗೆ ಕೇಬಲ್ ಹೋಗಿರ್ಬೇಕು ಅಂಕಲ್" ಅಂದ. 32 ವರ್ಷ ಮೇಷ್ಟ್ರಾಗಿದ್ದವನು ನಾನು. ಬೋರ್ಡಿನ ಮೇಲೆ ಬರೆದದ್ದನ್ನು ಸರಿಯಾಗಿ ಓದ್ರೋ ಅಂತ ಮಕ್ಕಳನ್ನು ದಿನಾ ಗದರುತ್ತಿದ್ದವನು. ಕಾಲ ಕೆಳಗೆ ಬರೆದದ್ದು ನನಗೇ ಓದಲು ಬರುತ್ತಿರಲಿಲ್ಲ.

ಓದಿಸಿದವನು ನಮ್ಮಕ್ಕನ ಮಗ. ಅವನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ. ಈ ವರ್ಷ ದಾವಣಗೆರೆಯಿಂದ ಇಲ್ಲಿಗೆ ವರ್ಗವಾಗಿ ಬಂದ, ಬಾಡಿಗೆ ಮನೆ ಸಿಗುವ ತನಕ ಇಪ್ಪತ್ತು ದಿನ ನಮ್ಮಲ್ಲೇ ಇದ್ದ. ಮೊದಲ ದಿನ ಅವನನ್ನು ಮೆಟ್ರೊ ಹತ್ತಿಸಿ ಬರೋಣ ಅಂತ ಹೊರಟೆ. ಜಾತ್ರೆಯಲ್ಲಿ ಮಗುವನ್ನು ಎಳೆದುಕೊಂಡು ಹೋಗುವ ಹಾಗೆ ಅವನ ಮುಂಗೈ ಹಿಡಿದು ಎಳೆಯುತ್ತಿದ್ದೆ. ನಾಲ್ಕು ಹೆಜ್ಜೆ ಬಂದವನು ನಿಂತುಬಿಟ್ಟ. "ಮಾವ, ನೀವು ನನ್ನ ಹಿಡ್ಕೋಬೇಡಿ. ನಿಮ್ಮ ಮೊಣಕೈ ಕೊಡಿ, ನಾನೇ ಹಿಡ್ಕೋತೀನಿ. ಅರ್ಧ ಹೆಜ್ಜೆ ಮುಂದೆ ನಡೀರಿ, ಅಷ್ಟು ಸಾಕು." ಆಶ್ಚರ್ಯ ಅಂದರೆ, ಹಾಗೆ ಮಾಡಿದ ಮೇಲೆ ಇಬ್ಬರೂ ಮಾಮೂಲಿ ವೇಗದಲ್ಲೇ ನಡೆದೆವು. ನಾನು ಮೆಟ್ಟಿಲು ಹತ್ತಿದರೆ ನನ್ನ ಮೊಣಕೈ ಮೇಲೇಳುವುದು ಅವನಿಗೆ ತಿಳಿಯುತ್ತದೆ, ಹೇಳುವ ಕೆಲಸವೂ ಇಲ್ಲ. ಸುಮ್ನೆ ಎಳೆದಾಡಿದರೆ ಅವರಿಗೆ ಏನೂ ತಿಳಿಯುವುದಿಲ್ಲ, ಎಡವಿ ಬೀಳುವ ಭಯ ಮಾತ್ರ.

ನಿಲ್ದಾಣದ ಹತ್ತಿರ ಬಂದಾಗ ಅವನು ನನ್ನ ಕೈ ಬಿಟ್ಟ. "ಇನ್ನು ನೀವು ಹೊರಡಿ ಮಾವ, ದಾರಿ ಸಿಕ್ತು." ಎಲ್ಲಿ ಸಿಕ್ಕಿತೋ ಅಂತ ಸುತ್ತ ನೋಡಿದರೆ ನನಗೆ ಏನೂ ಕಾಣಲಿಲ್ಲ. ಅವನ ಕಾಲ ಕೆಳಗೆ ಹಳದಿ ಟೈಲ್ಸ್ ಇತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಪಾಠ ಆಯಿತು. "ಗೆರೆ ಬಂದ್ರೆ ನಡಿ, ಬೊಟ್ಟು ಬಂದ್ರೆ ನಿಲ್ಲು. ಅಷ್ಟೇ ಮಾವ." ಉದ್ದುದ್ದ ಉಬ್ಬುಗೆರೆ ಇರುವ ಟೈಲ್ಸ್ ಒಂದು ಬಗೆ. ಗೆರೆ ಯಾವ ಕಡೆಗೆ ಓಡುತ್ತದೋ ಆ ಕಡೆ ದಾರಿ ಇದೆ ಅಂತ ಅರ್ಥ. ದುಂಡು ದುಂಡು ಬೊಟ್ಟು ಇರುವುದು ಇನ್ನೊಂದು ಬಗೆ. ಅದು ಕಾಲಿಗೆ ಸಿಕ್ಕರೆ ನಿಲ್ಲಬೇಕು, ಮುಂದೆ ಏನೋ ಇದೆ. ಮೆಟ್ಟಿಲು ಇರಬಹುದು, ತಿರುವು ಇರಬಹುದು, ಲಿಫ್ಟ್ ಬಾಗಿಲು, ರಸ್ತೆ ದಾಟುವ ಜಾಗ, ಇಲ್ಲವೇ ಪ್ಲಾಟ್‌ಫಾರಂ ಅಂಚು. ಉಬ್ಬು ಇರುವುದು ಸುಮಾರು 5 ಮಿಲಿಮೀಟರ್. ಚಪ್ಪಲಿಯ ಅಟ್ಟೆಯಲ್ಲೇ ತಿಳಿಯುತ್ತದೆ, ಬಿಳಿ ಕೋಲಿನ ತುದಿಗಂತೂ ಇನ್ನೂ ಚೆನ್ನಾಗಿ. ಎರಡೇ ಅಕ್ಷರದ ವರ್ಣಮಾಲೆ, ನಮ್ಮ ಒಂದನೇ ಕ್ಲಾಸಿನ ಮಕ್ಕಳೂ ಒಂದೇ ಪೀರಿಯಡ್‌ನಲ್ಲಿ ಕಲಿಯಬಹುದು.

ಕಣ್ಣು ಕಾಣದವರಿಗೆ ಬಣ್ಣ ಯಾಕಪ್ಪಾ ಅಂತ ದಡ್ಡನ ಹಾಗೆ ಕೇಳಿದೆ. ಅವನು ನಕ್ಕ. ನಾವು ಕುರುಡರು ಎಂದು ಕರೆಯುವವರಲ್ಲಿ ಬಹಳ ಜನಕ್ಕೆ ಪೂರ್ತಿ ಕತ್ತಲೆ ಇರುವುದಿಲ್ಲ, ಅಷ್ಟಿಷ್ಟು ಮಸುಕಾಗಿ ಕಾಣುತ್ತದೆ, ಅಂಥವರಿಗೆ ಬೂದು ನೆಲದ ಮೇಲೆ ಹಳದಿ ಎದ್ದು ಕಾಣುತ್ತದೆ. ವಯಸ್ಸಾಗಿ ಕಣ್ಣು ಮಂಜಾದ ನಮ್ಮಂಥವರಿಗೂ ಅದು ಬೇಕು, ಅಲ್ವಾ?

ಇದನ್ನು ಮೊದಲು ಮಾಡಿದವರು ಜಪಾನಿನ ಸೆಯಿಚಿ ಮಿಯಾಕೆ ಎಂಬುವರು, 1965ರಲ್ಲಿ. ಅವರ ಗೆಳೆಯನೊಬ್ಬನ ದೃಷ್ಟಿ ಹೋಗುತ್ತಿತ್ತು, ಅವನು ಕ್ಷೇಮವಾಗಿ ಓಡಾಡಲಿ ಎಂದು ತಮ್ಮದೇ ದುಡ್ಡಿನಲ್ಲಿ ಮಾಡಿದ್ದು. 1967ರ ಮಾರ್ಚ್ 18ರಂದು ಒಕಾಯಾಮಾ ಊರಿನಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಸಲ ಹಾಸಿದರು. ಆಮೇಲೆ ಅಲ್ಲಿನ ರೈಲು ನಿಲ್ದಾಣಗಳಿಗೆ ಬಂತು, ನಂತರ ಬೇರೆ ದೇಶಗಳಿಗೆ. ನಮ್ಮ ಮೆಟ್ರೊ ಓಡಲು ಶುರುವಾಗಿದ್ದು 2011ರ ಅಕ್ಟೋಬರ್‌ನಲ್ಲಿ. ಅಂದಿನಿಂದ ನಾನು ನೂರಾರು ಸಲ ಹತ್ತಿಳಿದಿದ್ದೇನೆ, ಆ ಟೈಲ್ಸ್ ಏನು ಅಂತ ಒಂದು ಸಲವಾದರೂ ಯಾರನ್ನಾದರೂ ಕೇಳಿದೆನಾ? ಇಲ್ಲ.

ಮುಂದಿನ ಭಾನುವಾರ ಹಟಕ್ಕೆ ಬಿದ್ದು ಕಣ್ಣಿಗೆ ಕರ್ಚೀಫ್ ಕಟ್ಟಿಕೊಂಡು ಆ ಹಳದಿ ಸಾಲಿನ ಮೇಲೆ ನಡೆದು ನೋಡಿದೆ. ಅಳಿಯ ಪಕ್ಕದಲ್ಲೇ ಇದ್ದ. ದಾರಿಯಲ್ಲಿ ಹೋಗುವವರು ಈ ಮುದುಕನಿಗೆ ಏನಾಯ್ತು ಅಂತ ನೋಡಿರಬೇಕು. ಮೊದಲ ಇಪ್ಪತ್ತು ಹೆಜ್ಜೆ ಚೆನ್ನಾಗಿಯೇ ಹೋಯಿತು, ಗೆರೆ ಕಾಲಿಗೆ ಸಿಗುತ್ತಿತ್ತು, ಧೈರ್ಯವೂ ಬಂತು. ಆಮೇಲೆ ಮೊಣಕಾಲಿನ ಕೆಳಗೆ ಚುರ್ ಎಂದಿತು. ಆಗಷ್ಟೇ ತಂದು ನಿಲ್ಲಿಸಿದ್ದ ಬೈಕಿನ ಸೈಲೆನ್ಸರ್. ಬೈಕಿನವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ನಿಲ್ಲಿಸುತ್ತಿದ್ದುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಬಾರದು ಅಂತ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಂಗವಿಕಲರು ಓಡಾಡಲು ಅನುಕೂಲ ಮಾಡಿಕೊಡಬೇಕು ಎನ್ನುವ ಕಾಯ್ದೆಯೂ 2016ರಲ್ಲೇ ಬಂದಿದೆ. ಕಾಯ್ದೆ ಕಡಿಮೆ ಇಲ್ಲ ಬಿಡಿ. ನಾವು ಯಾವ ಗುರುತಿಗೆ ಬೆಲೆ ಕೊಡುತ್ತೇವೆ, ಯಾವುದಕ್ಕೆ ಕೊಡುವುದಿಲ್ಲ ಎನ್ನುವುದೇ ನನಗೆ ತಮಾಷೆಯಾಗಿ ಕಾಣುವುದು. "ಇಲ್ಲಿ ಮೂತ್ರ ಮಾಡಬಾರದು" ಅಂತ ದಪ್ಪ ಅಕ್ಷರದಲ್ಲಿ ಬರೆದರೆ ಆ ಅಕ್ಷರದ ಮೇಲೇ ಮಾಡುತ್ತಾರೆ. ಅದೇ ಗೋಡೆಗೆ ನಾಲ್ಕು ದೇವರ ಟೈಲ್ಸ್ ಅಂಟಿಸಿದರೆ ದೂರ ಹೋಗುತ್ತಾರೆ. ಅಂದರೆ ಟೈಲ್ಸ್ ಓದಲು ನಮಗೆ ಬರುತ್ತದೆ. ಗೋಡೆಯದು ಬರುತ್ತದೆ, ನೆಲದ್ದು ಬರುವುದಿಲ್ಲ.

ತಪ್ಪು ಬರೀ ಗಾಡಿ ನಿಲ್ಲಿಸುವವರದ್ದಲ್ಲ. ಹಾಕುವವರಿಗೂ ಅಕ್ಷರ ಬರುವುದಿಲ್ಲ. ನಮ್ಮ ಬಡಾವಣೆಯ ಒಂದು ರಸ್ತೆಯಲ್ಲಿ ಹೊಸ ಫುಟ್‌ಪಾತ್ ಆಗಿದೆ. ಅಳಿಯನ ಜೊತೆ ಹೋಗಿ ನೋಡಿದೆ, ಅಂದರೆ ನಾನು ನೋಡಿದೆ, ಅವನು ತುಳಿದ. ಒಂದು ಕಡೆ ಸಾಲು ನೇರವಾಗಿ ಹೋಗಿ ಕರೆಂಟ್ ಕಂಬಕ್ಕೆ ಗುದ್ದುತ್ತದೆ. ಕಂಬವನ್ನು ಬಳಸಿ ಹೋಗಬೇಕು ಅಂತ ಯಾರಿಗೂ ಹೊಳೆದಿಲ್ಲ, ಕಂಬದ ಆಚೆ ಮತ್ತೆ ಅದೇ ಸಾಲು ಮುಂದುವರಿಯುತ್ತದೆ. ಇನ್ನೊಂದು ಕಡೆ ಗೆರೆ ಟೈಲ್ಸ್ ಮುಗಿದಿತ್ತೋ ಏನೋ, ಐವತ್ತು ಅಡಿ ಪೂರ್ತಿ ಬೊಟ್ಟಿನದ್ದೇ ಹಾಕಿದ್ದಾರೆ. ಪ್ರತಿ ಅಡಿಗೂ ನಿಲ್ಲು, ನಿಲ್ಲು, ನಿಲ್ಲು! "ಇಲ್ಲಿ ನಡೆದ್ರೆ ಸಾಯಂಕಾಲ ಆಗತ್ತೆ ಮಾವ" ಅಂದ. ಗೆರೆ ಅಡ್ಡಡ್ಡಲಾಗಿ ಕೂರಿಸಿದ ಜಾಗವೂ ಒಂದಿತ್ತು, ಅದನ್ನು ನಂಬಿ ಹೋದರೆ ಸೀದಾ ಚರಂಡಿಗೆ. ದುಡ್ಡು ಖರ್ಚಾಗಿದೆ, ಟೈಲ್ಸ್ ಒಳ್ಳೆಯದೇ ಇದೆ, ಕೆಲಸದವರೂ ನಾಜೂಕಾಗಿ ಕೂರಿಸಿದ್ದಾರೆ. ಅದು ಬರಹ ಅಂತ ಅವರಿಗೆ ಯಾರೂ ಹೇಳಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ ಕೇಳಿಸಿಕೊಂಡರು. ಕೊನೆಗೆ "ಗ್ರಿಪ್ ಚೆನ್ನಾಗಿದೆಯಲ್ಲ ಸಾರ್?" ಅಂದರು.

ದಾರಿ ಹೇಳುವ ವಿಷಯವೂ ಹೀಗೇ. ಅಳಿಯ ದಾರಿ ಕೇಳಿದರೆ ನಮ್ಮ ಜನ ಖಂಡಿತ ಹೇಳುತ್ತಾರೆ, ಅದರಲ್ಲಿ ಜಿಪುಣತನ ಇಲ್ಲ. ಆದರೆ ಹೇಳುವುದು "ಅಗೋ ಅಲ್ಲಿ, ಆ ಬೇಕರಿ ಕಾಣ್ತಿದೆಯಲ್ಲ, ಅದರ ಪಕ್ಕ" ಅಂತ, ಬೆರಳು ತೋರಿಸಿಕೊಂಡು. ಕೋಲು ಕೈಯಲ್ಲಿರುವುದು ಕಂಡರೂ ಬೆರಳು ತಾನಾಗಿಯೇ ಎದ್ದುಬಿಡುತ್ತದೆ, ನನ್ನದೂ ಏಳುತ್ತದೆ. ನಿಮ್ಮ ಎಡಕ್ಕೆ ತಿರುಗಿ, ಹತ್ತು ಹೆಜ್ಜೆ, ಆಮೇಲೆ ಮೂರು ಮೆಟ್ಟಿಲು ಮೇಲಕ್ಕೆ ಅಂತ ಹೇಳಿದರೆ ಸಾಕಂತೆ. ಕೆಲವರು ಜೋರಾಗಿ ಕಿರುಚಿ ಹೇಳುತ್ತಾರೆ. ಕಿವಿ ಚೆನ್ನಾಗಿಯೇ ಇದೆ ಅಂತ ಇವನು ಹೇಳಬೇಕಾಗುತ್ತದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಜೇಬಿನ ನೋಟಿನಲ್ಲೂ ಇಂಥ ಬರಹ ಇದೆ. 100 ರೂಪಾಯಿ ನೋಟಿನ ಮೇಲೆ ಉಬ್ಬಿದ ತ್ರಿಕೋನ, ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ಓರೆ ಗೆರೆ. 500ಕ್ಕೆ ವೃತ್ತ, ಐದು ಗೆರೆ. ನೋಟು ಹಳೆಯದಾದರೆ ಉಬ್ಬು ಸವೆದುಹೋಗುತ್ತದೆ, ಆಗ ಕಷ್ಟ. ಬ್ಯಾಂಕಿನವನೇ ಹೇಳಿದ್ದು.

ಈಗ ನನ್ನ ಕೋರಿಕೆ. ಅಳಿಯ ಹೋಗುವ ಮೊದಲು ನಾನು ನಿಲ್ದಾಣದ ಹತ್ತಿರದ ಎಳನೀರು ಗಾಡಿಯವನನ್ನು ಮಾತಾಡಿಸಿದ್ದೆ. ಅವನ ಗಾಡಿಯ ಚಕ್ರ ದಿನಾ ಆ ಹಳದಿ ಸಾಲಿನ ಮೇಲೇ ಇರುತ್ತಿತ್ತು. ಜಗಳ ಆಗಬಹುದು ಅಂತ ಹೆದರಿಕೊಂಡೇ ಹೋದೆ. "ಇದು ಕಣ್ಣು ಕಾಣದೋರು ನಡೆಯೋ ದಾರಿ ಕಣಪ್ಪ" ಅಂದೆ, ಗೆರೆ ಬೊಟ್ಟು ಎರಡೂ ತೋರಿಸಿದೆ. ಅವನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಂದೆರಡು ಹೆಜ್ಜೆ ತುಳಿದು ನೋಡಿದ. "ಹೌದಾ ಸಾರ್? ಯಾರೂ ಹೇಳೇ ಇಲ್ವಲ್ಲ" ಅಂತ ಗಾಡಿಯನ್ನು ಎರಡಡಿ ಹಿಂದಕ್ಕೆ ತಳ್ಳಿದ. ಇವತ್ತಿಗೂ ಅಲ್ಲೇ ಇದ್ದಾನೆ, ಎರಡಡಿ ಹಿಂದೆ. ಖಾಲಿಯಾದ ಆ ಜಾಗದಲ್ಲಿ ಈಗ ಯಾರದೋ ಸ್ಕೂಟರ್ ನಿಲ್ಲುತ್ತದೆ, ಅದು ಬೇರೆ ಕತೆ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಪತ್ರಿಕೆಯಲ್ಲಿ ಯಾವುದಾದರೂ ಒಂದು ಮೂಲೆಯಲ್ಲಿ, ರಾಶಿ ಭವಿಷ್ಯದ ಪಕ್ಕವಾದರೂ ಸರಿ, ಆ ಎರಡು ಟೈಲ್ಸ್‌ನ ಚಿತ್ರ ಹಾಕಿ, ಕೆಳಗೆ "ಗೆರೆ: ನಡಿ, ಬೊಟ್ಟು: ನಿಲ್ಲು" ಅಂತ ದಪ್ಪಗೆ ಅಚ್ಚು ಮಾಡಿ. ನಾನು ಅದನ್ನು ಕತ್ತರಿಸಿ, ಅರ್ಜಿ ಕೊಟ್ಟಿದ್ದೆನಲ್ಲ, ಆ ಕಚೇರಿಗೂ ಒಂದು ಕೊಟ್ಟು ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು, ಬೆಂಗಳೂರು