ಕಡತದಲ್ಲಿ ವಾಸದ ಮನೆ, ಒಳಗೆ ಕೋಚಿಂಗ್ ತರಗತಿ

ಮಾನ್ಯ ಸಂಪಾದಕರೇ,

ಸೇಡಂ ರಸ್ತೆಯ ಕೋಚಿಂಗ್ ಕೇಂದ್ರದಲ್ಲಿ ಸೋಮವಾರ ಸಂಜೆ ಹೊಗೆ ತುಂಬಿಕೊಂಡ ವರದಿಗೆ ತಮ್ಮ ಪತ್ರಿಕೆಯಲ್ಲಿ ‘ಮಕ್ಕಳು ಪಾರು’ ಎಂಬ ತಲೆಬರಹವಿತ್ತು. ಆ ಮಕ್ಕಳಲ್ಲಿ ನನ್ನ ಮಗಳೂ ಇದ್ದಳು. ಮನೆಗೆ ಬಂದು ಮೂಗು ಒರೆಸಿಕೊಂಡಾಗ ಅವಳ ಕರವಸ್ತ್ರದ ತುಂಬ ಕರಿಮಸಿ. ಕಾಲಿಗೆ ಒಂದೇ ಚಪ್ಪಲಿ. ಪುಸ್ತಕದ ಚೀಲ ಇಂದಿಗೂ ಮೂರನೇ ಮಹಡಿಯಲ್ಲೇ ಇದೆ. ಕೆಮ್ಮು ನಿಲ್ಲದ್ದರಿಂದ ನಾನು ಎರಡು ದಿನ ರಜೆ ಹಾಕಿ ಆಸ್ಪತ್ರೆಗೆ ಅಲೆದೆ. ವರ್ಷದ ಶುಲ್ಕವನ್ನು ಮೊದಲೇ ಕಟ್ಟಿಸಿಕೊಂಡವರು ಈಗ ಫೋನ್ ಎತ್ತುತ್ತಿಲ್ಲ.

ಚೀಲ ತರಲು ಹೋದವನನ್ನು ಮೇಲೆ ಬಿಡಲಿಲ್ಲವಾದ್ದರಿಂದ ಟೇಪ್ ಹಿಡಿದು ಕೆಳಗಿನ ಮೆಟ್ಟಿಲನ್ನೇ ಅಳೆದೆ. ಅಗಲ 2 ಅಡಿ 10 ಇಂಚು. ಅದರ ಬುಡದಲ್ಲೇ ವಿದ್ಯುತ್ ಮೀಟರುಗಳು, ಅವಕ್ಕೆ ಒರಗಿಸಿಟ್ಟ ನೆಲಮಹಡಿ ಅಂಗಡಿಯ ಗಾದಿಗಳು, ಅರ್ಧ ಸುಟ್ಟು ಇನ್ನೂ ನಾರುತ್ತಿದ್ದವು. ಮೂರನೇ ಮಹಡಿಯೆಂದರೆ ಮಾಳಿಗೆಯ ಮೇಲೆ ಎಬ್ಬಿಸಿದ ತಗಡಿನ ಶೆಡ್, ಒಳಗೆ ಪ್ಲೈವುಡ್ಡಿನ ಅಡ್ಡಗೋಡೆಗಳು. ನಮ್ಮೂರ ಬಿಸಿಲಿಗೆಂದು ಎಸಿ ಕೂರಿಸಿ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟಿದ್ದಾರೆ.

ಈ ಕಟ್ಟಡಕ್ಕೆ ಪರವಾನಗಿ ಸಿಕ್ಕಿರುವುದು ವಾಸದ ಮನೆಯೆಂದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ಒಂಬತ್ತು ಗುಂಪುಗಳಾಗಿ, ಗೋಡೆ, ಕಂಬ, ಚಾವಣಿಗಳು ಬೆಂಕಿಯನ್ನು ಎಷ್ಟು ಹೊತ್ತು ತಾಳಿಕೊಳ್ಳುತ್ತವೆ ಎಂಬುದಕ್ಕೆ ತಕ್ಕಂತೆ ನಾಲ್ಕು ಬಗೆಗಳಾಗಿ ವಿಂಗಡಿಸಿದೆ. ಮನೆ ‘ಎ’ ಗುಂಪಿಗೆ ಸೇರಿದರೆ ಪಾಠ ನಡೆಯುವ ಕಟ್ಟಡ ‘ಬಿ’ ಗುಂಪಿಗೆ ಸೇರುತ್ತದೆ. ಮನೆಯಲ್ಲಿ ಒಬ್ಬರಿಗೆ 12.5 ಚದರ ಮೀಟರ್ ಲೆಕ್ಕ, ಶಾಲೆಯಲ್ಲಿ 4. ಅಷ್ಟೇ ಜಾಗದಲ್ಲಿ ಮೂರು ಪಟ್ಟು ಜನ, ಗಂಡಾಂತರ ಬಂದರೆ ಎಲ್ಲರೂ ಒಮ್ಮೆಲೇ ಇಳಿಯಬೇಕು. ಆದ್ದರಿಂದಲೇ ಅಲ್ಲಿ ಮೆಟ್ಟಿಲಿನ ಅಗಲ ಕನಿಷ್ಠ 1.5 ಮೀಟರ್, ಅಂದರೆ ಸುಮಾರು ಐದು ಅಡಿ ಇರಬೇಕೆಂದು ಹೇಳಿದೆ. ಒಂದೇ ಕಟ್ಟಡದಲ್ಲಿ ಹಲವು ಬಳಕೆಗಳಿದ್ದು, ನಡುವೆ ನಾಲ್ಕು ಗಂಟೆ ಬೆಂಕಿ ತಡೆಯುವ ಗೋಡೆಯಿಲ್ಲದಿದ್ದರೆ, ಹೆಚ್ಚು ಅಪಾಯದ ಬಳಕೆಯ ನಿಯಮವೇ ಇಡೀ ಕಟ್ಟಡಕ್ಕೆ ಅನ್ವಯಿಸುತ್ತದೆ.

ಇದನ್ನೆಲ್ಲ ಬರೆದುಕೊಂಡು ಸಂಬಂಧಿಸಿದ ಕಚೇರಿಗೆ ಹೋದರೆ, ಸಂಹಿತೆ ಬರೀ ಮಾರ್ಗದರ್ಶಿ, ಕಡತದಲ್ಲಿ ವಾಸದ ಮನೆ ಎಂದೇ ಇದೆ ಎಂಬ ಉತ್ತರ ಸಿಕ್ಕಿತು. ಹೊಗೆಯೇನು ಕಡತ ನೋಡಿ ಒಳಗೆ ಬರುತ್ತದೆಯೇ? ಇದೇ ಕಟ್ಟಡಕ್ಕೆ ವಾಣಿಜ್ಯ ದರದಲ್ಲಿ ತೆರಿಗೆ ಹಾಕಿರುವವರಿಗೆ ಒಳಗಿನ ಬೆಂಚುಗಳು ಆಗ ಕಂಡಿದ್ದವು, ಈಗ ಕಾಣುವುದಿಲ್ಲ. ಮೂರು ವರ್ಷಗಳ ಹಿಂದೆ ನಾನು ಮನೆಗೊಂದು ಬಚ್ಚಲುಕೋಣೆ ಸೇರಿಸಲು ಅರ್ಜಿ ಕೊಟ್ಟಾಗ, ಹಿಂದೆ ಬಿಟ್ಟ ಜಾಗ ಅರ್ಧ ಅಡಿ ಕಡಿಮೆಯಿದೆಯೆಂದು ಹನ್ನೊಂದು ಸಲ ತಿರುಗಿಸಿದವರು ಇವರೇ. ಅಂದು ನನ್ನ ಗೋಡೆಗೆ ಹಿಡಿದ ಟೇಪನ್ನು ಆ ಮೆಟ್ಟಿಲಿಗೆ ಯಾಕೆ ಹಿಡಿಯಲಿಲ್ಲ?

2019ರ ಮೇ 24ರಂದು ಸೂರತ್‌ನಲ್ಲಿ ಕೋಚಿಂಗ್ ತರಗತಿ ನಡೆಯುತ್ತಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಸತ್ತರು. 2024ರ ಜುಲೈನಲ್ಲಿ ದೆಹಲಿಯ ಹಳೆ ರಾಜಿಂದರ್ ನಗರದಲ್ಲಿ ಮೂವರು ಮುಳುಗಿ ಸತ್ತ ನೆಲಮಾಳಿಗೆಗೆ ಅನುಮತಿಯಿದ್ದುದು ಉಗ್ರಾಣಕ್ಕೆ. ಅಲ್ಲಿ ನಡೆಯುತ್ತಿದ್ದುದು ಗ್ರಂಥಾಲಯ. ಇಷ್ಟಾದ ಮೇಲೂ ನಮ್ಮವರು ಯಾವುದಕ್ಕೆ ಕಾಯುತ್ತಿದ್ದಾರೆ?

ನಗರದ ಇಂಥ ಎಲ್ಲ ಕಟ್ಟಡಗಳನ್ನು ಈಗಿನ ಬಳಕೆಯ ಪ್ರಕಾರ ಮತ್ತೆ ವಿಂಗಡಿಸಬೇಕು, ಇಲ್ಲವೇ ಬೀಗ ಹಾಕಬೇಕು. ಅಲ್ಲಿಯವರೆಗೆ ಆ ಗಾದಿಗಳನ್ನಾದರೂ ತೆಗೆಸಬೇಕು. ಅದೂ ಆಗದಿದ್ದರೆ ಸಂಬಳ ಯಾವ ಕೆಲಸಕ್ಕೆಂದು ಹೇಳಿಬಿಡಲಿ.

– ನೊಂದ ಪಾಲಕ, ಕಲಬುರಗಿ